ಯಾರೂ ಇಲ್ಲದ ಕಡೆಗೆ ಹೊಡೆದ ಚೆಂಡು

ಹಾಸನದ ನಮ್ಮ ಕ್ಲಬ್ಬಿನ ಟೆನಿಸ್ ಕೋರ್ಟಿಗೆ ಪ್ರತಿ ಶುಕ್ರವಾರ ಸಗಣಿ ಸಾರಿಸುತ್ತಿದ್ದರು. ಸಾರಿಸುವವಳು ಮಾದಮ್ಮ. ನೆಲ ಒಣಗಿದ ಮೇಲೆ ಅವಳ ಗಂಡ ಸಣ್ಣಯ್ಯ ದಾರ ಹಿಡಿದು ಸುಣ್ಣದ ಗೆರೆ ಎಳೆಯುತ್ತಿದ್ದ. ಆ ನೆಲದ ಮೇಲೆ ಚೆಂಡು ಹೆಚ್ಚು ಏಳುತ್ತಿರಲಿಲ್ಲ. ಬಿದ್ದದ್ದೇ ಜಾರಿಕೊಂಡು ಮೊಣಕಾಲಿನ ಮಟ್ಟದಲ್ಲೇ ಬರುತ್ತಿತ್ತು. ಹೊಸದಾಗಿ ವರ್ಗವಾಗಿ ಬಂದ ಅಧಿಕಾರಿಗಳು ಮೊದಲ ವಾರವೆಲ್ಲ ಗಾಳಿಯನ್ನೇ ಹೊಡೆದು, ಆಮೇಲೆ ಸೊಂಟ ಬಗ್ಗಿಸುವುದನ್ನು ಕಲಿಯುತ್ತಿದ್ದರು.

ಸಣ್ಣಯ್ಯ ಕ್ಲಬ್ಬಿನ ಮಾರ್ಕರ್. ಆ ಕಾಲದ ಕ್ಲಬ್ಬುಗಳಲ್ಲೆಲ್ಲ ಹೀಗೆ ಒಬ್ಬ ಸಂಬಳದ ಆಟಗಾರ ಇರುತ್ತಿದ್ದ. ಕೋರ್ಟು ನೋಡಿಕೊಳ್ಳುವುದು, ಜೊತೆ ಇಲ್ಲದ ಸದಸ್ಯರ ಎದುರು ನಿಂತು ಆಡುವುದು, ಕಲಿಯುವವರಿಗೆ ಕಲಿಸುವುದು ಅವನ ಕೆಲಸ. ಸಂಬಳ ತೆಗೆದುಕೊಂಡು ಆಡುವವನಾದ್ದರಿಂದ ಪಂದ್ಯಗಳಲ್ಲಿ ಮಾತ್ರ ಅವನನ್ನು ಸೇರಿಸುತ್ತಿರಲಿಲ್ಲ. ಕೊರವಂಗಲದಿಂದ ಇಪ್ಪತ್ತರ ಹರೆಯದಲ್ಲಿ ರೋಲರ್ ಎಳೆಯುವ ಕೂಲಿಗೆಂದು ಬಂದವನು, ನೋಡಿ ನೋಡಿಯೇ ಆಟ ಕಲಿತಿದ್ದ. ನಾನು ಹೇಳುತ್ತಿರುವ ೧೯೬೧ರಲ್ಲಿ ಅವನಿಗೆ ನಲವತ್ತೆರಡೋ ನಲವತ್ತಮೂರೋ ಇರಬೇಕು. ಕ್ಲಬ್ಬಿನ ಹಿಂದಿದ್ದ ಎರಡು ಕೋಣೆಯ ಹೆಂಚಿನ ಮನೆ ಆ ಕೆಲಸದ ಜೊತೆಗೇ ಬಂದದ್ದು.

ಸಣ್ಣಯ್ಯನ ಒಂದು ಕೈಯಲ್ಲಿ ಆಟದ ಎಷ್ಟೋ ಕಾಲ ಅಡಗಿತ್ತು. ಮೊದಲು ಅವನು ನೋಡಿದ್ದು ಸಕಲೇಶಪುರದ ಕಡೆಯಿಂದ ಬರುತ್ತಿದ್ದ ಕಾಫಿ ತೋಟದ ದೊರೆಗಳನ್ನು. ಉದ್ದ ಷರಾಯಿ ತೊಟ್ಟು, ಗೆರೆಯ ಹಿಂದೆ ಕಂಬದ ಹಾಗೆ ನಿಂತು, ಮಣಿಕಟ್ಟು ಅಲುಗಿಸದೆ ನೇರವಾಗಿ ಬೀಸುವುದು ಅವರ ಆಟ. ಓಡುವುದು ತಮ್ಮ ಅಂತಸ್ತಿಗೆ ತಕ್ಕದ್ದಲ್ಲ ಎಂಬ ಭಾವ. ಅವರು ಹೋದ ಮೇಲೆ ನಮ್ಮವರ ಕಾಲ ಬಂತು. ಹೊಳೆನರಸೀಪುರದ ಅಮಲ್ದಾರರೊಬ್ಬರು ಪ್ರತಿ ಚೆಂಡನ್ನೂ ಸೌತೆಕಾಯಿ ಹೆಚ್ಚಿದಂತೆ ಕೆಳಗಿನಿಂದ ಕತ್ತರಿಸಿ ಕಳಿಸುತ್ತಿದ್ದರು; ಅದು ಬಿದ್ದ ಮೇಲೆ ಏಳುತ್ತಲೇ ಇರಲಿಲ್ಲ. ಚನ್ನರಾಯಪಟ್ಟಣದ ವಕೀಲರು ಸರ್ವಿಸನ್ನು ಸೊಂಟದ ಕೆಳಗಿನಿಂದ, ದಾನ ಕೊಟ್ಟ ಹಾಗೆ ಹಾಕುತ್ತಿದ್ದರು. ಅರಕಲಗೂಡಿನ ಡಾಕ್ಟರ್ ಪಾಪಯ್ಯನವರು ಹೊಟ್ಟೆ ಹೊತ್ತುಕೊಂಡು ಓಡಲಾರದೆ, ಎಲ್ಲವನ್ನೂ ಆಕಾಶಕ್ಕೆ ಎತ್ತಿ, ಅದು ಕೆಳಗೆ ಬರುವಷ್ಟರಲ್ಲಿ ಉಸಿರು ಸುಧಾರಿಸಿಕೊಳ್ಳುತ್ತಿದ್ದರು. ಭಾನುವಾರ ಇವರೆಲ್ಲ ಹಾಸನಕ್ಕೆ ಬಂದು ಸೇರುವರು. ಕೇಳಿದರೆ ಸಣ್ಣಯ್ಯ ಒಬ್ಬೊಬ್ಬರ ಹಾಗೂ ಆಡಿ ತೋರಿಸುತ್ತಿದ್ದ. ಅವನ ಮುಖ ನೋಡದೆ ಕೈ ಮಾತ್ರ ನೋಡಿದರೂ ಇದು ಯಾರು ಎಂದು ಹೇಳಬಹುದಿತ್ತು. ಡಾಕ್ಟರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಇಷ್ಟೆಲ್ಲ ಬರುತ್ತಿದ್ದರೂ ಸಣ್ಣಯ್ಯ ಯಾರನ್ನೂ ಸೋಲಿಸುತ್ತಿರಲಿಲ್ಲ. ಅವನು ಕಳಿಸಿದ ಚೆಂಡು ಎದುರಿನವರ ರಾಕೆಟ್ಟನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಬೆನ್ನುನೋವಿನವರಿಗೆ ಸೊಂಟದ ಎತ್ತರಕ್ಕೆ. ಕನ್ನಡಕದವರಿಗೆ ಬಿಸಿಲು ಕಣ್ಣಿಗೆ ಹೊಡೆಯದ ಮಗ್ಗುಲಿಗೆ. ಹೊಸದಾಗಿ ಮದುವೆಯಾಗಿ ಹೆಂಡತಿಯನ್ನು ಆಟ ನೋಡಲು ಕರೆತಂದವರಿಗಂತೂ ಹೂವಿನ ಹಾಗೆ.

ನಾನಾಗ ಗೌರ್ಮೆಂಟ್ ಕಾಲೇಜಿನಲ್ಲಿ ಓದುತ್ತಿದ್ದೆ. ನಮ್ಮ ತಂದೆ ವಕೀಲರು, ಕ್ಲಬ್ಬಿನ ಸದಸ್ಯರು. ಗಂಡಸರು ಬರುವ ಮುಂಚೆ, ಬೆಳಿಗ್ಗೆ ಆರರಿಂದ ಏಳರವರೆಗೆ, ಸೆರಗು ಸಿಕ್ಕಿಸಿಕೊಂಡು ಆಡಲು ನನಗೆ ಅಪ್ಪಣೆಯಿತ್ತು. ಮೊದಲ ಮೂರು ತಿಂಗಳು ನಾನು ಮಹಾ ಆಟಗಾರ್ತಿ ಎಂದೇ ತಿಳಿದಿದ್ದೆ. ಒಂದು ದಿನ ತಿಳಿವಳಿಕೆ ಬಂದು ಕೇಳಿದೆ:

"ಸಣ್ಣಯ್ಯ, ನೀನು ಬೇಕೆಂತಲೇ ನನ್ನ ರಾಕೆಟ್ಟಿಗೆ ಹಾಕ್ತೀಯ ಅಲ್ವಾ?"

"ಚೆಂಡು ಬ್ಯಾಟಿಗೆ ತಾಕಿದ್ ಸದ್ದು ಕೇಳುದ್ರೆ ತಾನೇ ಅಮ್ಮಾವ್ರೇ, ನಾಳಿಕ್ಕೂ ಬರಾನ ಅನ್ಸಾದು," ಎಂದ. ಸಿಕ್ಕಿಬಿದ್ದೆನಲ್ಲ ಎಂಬ ನಾಚಿಕೆ ಅವನ ಮುಖದಲ್ಲಿ.

ಆ ವರ್ಷ ಬೆಂಗಳೂರಿನಿಂದ ತಿಮ್ಮಪ್ಪನವರು ಎಂಜಿನಿಯರಾಗಿ ಬಂದರು. ಎತ್ತರದ ಆಳು, ಮೊಣಕಾಲು ಕಾಣುವ ಚಡ್ಡಿ ತೊಟ್ಟು ಆಡುವವರು. ಬಂದ ಎರಡೇ ತಿಂಗಳಿಗೆ ಕ್ಲಬ್ಬಿನ ಕಾರ್ಯದರ್ಶಿಯೂ ಆದರು. ಅವರ ಆಟ ನಾವು ಅದುವರೆಗೆ ಕಾಣದ್ದು. ಮರದಿಂದ ಕಾಯಿ ಕೀಳುವವರಂತೆ ಮೈಯೆಲ್ಲ ಮೇಲಕ್ಕೆಳೆದು ಸರ್ವಿಸ್ ಹೊಡೆಯುವುದು. ಹೊಡೆದದ್ದೇ ಚೆಂಡಿನ ಹಿಂದೆಯೇ ನೆಟ್ಟಿಗೆ ಓಡುವುದು. ಅದು ವಾಪಸು ಬಂದರೆ ನೆಲಕ್ಕೆ ಬೀಳಲೂ ಬಿಡದೆ ಅಲ್ಲೇ ಬಡಿದು ಮುಗಿಸುವುದು. ಒಂದು ಪಾಯಿಂಟ್ ಆಗಲು ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಬೇಕಾಗಿರಲಿಲ್ಲ.

"ಇದೇನ್ರೀ ತಿಮ್ಮಪ್ಪ, ಮೊದಲ್ನೇ ಪಂಕ್ತಿ ತಪ್ಪಿಹೋಗತ್ತೆ ಅನ್ನೋ ಹಾಗೆ ಓಡ್ತೀರಿ!" ಎಂದರು ಡಾಕ್ಟರು.

"ಪ್ರಪಂಚವೇ ಈಗ ಹೀಗೆ ಆಡೋದು ಡಾಕ್ಟ್ರೇ. ಹಿಂದೆ ನಿಂತ್ಕೊಂಡು ಆಡೋ ಕಾಲ ಮುಗೀತು."

ಸಣ್ಣಯ್ಯನಿಗೆ ಅದು ಪೂರ್ತಿ ಹೊಸದಲ್ಲ. ಕೆಲವು ವರ್ಷಗಳ ಹಿಂದೆ, ಹಣಕ್ಕೆ ಆಡುವ ಹೊರದೇಶದ ದೊಡ್ಡ ಆಟಗಾರರ ತಂಡವೊಂದು ಬೆಂಗಳೂರಿಗೆ ಬಂದಾಗ ಅವನು ರಜ ಕೇಳಿ ಹೋಗಿ, ಬೇಲಿಯಾಚೆ ನಿಂತು ನೋಡಿ ಬಂದಿದ್ದ. "ಅವ್ರೂ ನನ್ನಂಗೇಯ ಕಣಮ್ಮ," ಎಂದು ನನಗೆ ಹೇಳಿದ್ದ. "ಸಂಬಳಕ್ಕೆ ಆಡೋರು ಅಂತ ದೊಡ್ಡ ಪಂದ್ಯಕ್ಕೆ ಸೇರ್ಸಾಕಿಲ್ವಂತೆ. ಆದ್ರೆ ಏನಾಟ ಅಂತೀರಾ! ಸರ್ವಿಸ್ ಒಡ್ದೋನು ನಿಂತ್ ಜಾಗ್ದಾಗೆ ಒಂದು ಗಳ್ಗೆ ನಿಂತ್ನಾ? ನುಗ್ಗೇ ಬುಟ್ಟ. ನಾನು ಕಣ್ಣೇ ಮಿಟುಕಿಸ್ನಿಲ್ಲ."

ಆ ಕಾರ್ತಿಕದ ಒಂದು ಸಂಜೆ ತಂದೆ ಮನೆಗೆ ಬಂದು ಕೋಟು ಬಿಚ್ಚುತ್ತಲೇ ವಿಷಯ ಹೇಳಿದರು. ಕಾರ್ಯಕಾರಿ ಸಮಿತಿಯಲ್ಲಿ ತಿಮ್ಮಪ್ಪನವರು, ನಮ್ಮ ಮಾರ್ಕರ್ ಒಳ್ಳೆಯವನು, ಆದರೆ ಅವನ ಆಟ ತಾತಂದಿರ ಕಾಲದ್ದು, ಹೊಸ ಆಟ ಕಲಿಸಬಲ್ಲವನನ್ನು ಬೆಂಗಳೂರಿನಿಂದ ಕರೆಸೋಣ ಎಂದಿದ್ದರಂತೆ. ತಂದೆಯೂ ಡಾಕ್ಟರೂ ಒಪ್ಪಲಿಲ್ಲ. ವಾದ ಬೆಳೆದು, ಕೊನೆಗೆ ಇಬ್ಬರು ಮಾರ್ಕರ್‌ಗಳೂ ಮೂರು ಸೆಟ್ ಆಡಲಿ, ಗೆದ್ದವನು ಇರಲಿ ಎಂದು ತೀರ್ಮಾನವಾಯಿತು. ಮೂರು ವಾರದ ಮೇಲಿನ ಭಾನುವಾರ ಎಂದು ಗೊತ್ತುಮಾಡಿದರು. ಸೋತರೆ ಸಣ್ಣಯ್ಯ ಕೆಲಸ ಬಿಡಬೇಕು, ಹೆಂಚಿನ ಮನೆಯನ್ನೂ ಬಿಡಬೇಕು.

ಮರುದಿನ ಬೆಳಿಗ್ಗೆ ನಾನೇ ಹೇಳಿದೆ. "ನಾನು ನೆಟ್ಟಿನ ಹತ್ತಿರ ನಿಲ್ತೀನಿ. ತಿಮ್ಮಪ್ಪನವರ ಹಾಗೆ. ನೀನು ನನ್ನ ದಾಟಿಸಿ ಹೊಡಿ."

ಅವನು ಹೊಡೆದ. ಚೆಂಡು ನನ್ನ ರಾಕೆಟ್ಟಿಗೇ ಬಂತು. ಇನ್ನೊಮ್ಮೆ ಎಂದೆ. ಮತ್ತೆ ರಾಕೆಟ್ಟಿಗೇ ಬಂತು. ಎಡಕ್ಕೆ ಸರಿದರೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ.

"ನಿಮಗೆ ಪೆಟ್ಟಾದಾತು ಅಂತ ಕೈ ಇಡ್ಕತದೆ ಕಣಮ್ಮ," ಎಂದ. ನಾನೂ ಹಾಗೇ ಇರಬೇಕು ಎಂದುಕೊಂಡೆ. ಹೆಣ್ಣುಮಗಳು, ವಕೀಲರ ಮಗಳು. ಎದುರಿಗೆ ಗಂಡಸು ಬಂದರೆ ಸರಿಹೋಗುತ್ತದೆ ಎಂದು ಇಬ್ಬರೂ ಸಮಾಧಾನ ಮಾಡಿಕೊಂಡೆವು. ಅದೇ ನಮ್ಮ ತಪ್ಪು.

ಬೆಂಗಳೂರಿನ ಮಾರ್ಕರ್ ಬೀರಲಿಂಗಯ್ಯ ಆ ಭಾನುವಾರ ಬೆಳಗಿನ ಬಸ್ಸಿಗೆ ಬಂದ. ಇಪ್ಪತ್ತೆರಡು ವರ್ಷದ ಹುಡುಗ, ತೆಳ್ಳಗೆ ಜಿಂಕೆಯ ಹಾಗಿದ್ದ. ಇವನನ್ನು ದ್ವೇಷಿಸಬೇಕು ಎಂದುಕೊಂಡೇ ನಾನು ಹೋಗಿದ್ದೆ. ಅವನು ಕೋರ್ಟಿನ ಅಂಚಿನಲ್ಲಿ ನಿಂತು ನೆಲ ನೋಡಿದ, ಗೆರೆ ಅಳಿಸದಂತೆ ಸುತ್ತಿಕೊಂಡು ಬಂದು ಮಾದಮ್ಮನನ್ನು ಕೇಳಿದ: "ಯಾರವ್ವ ಇದ್ನ ಸಾರ್ಸಿದ್ದು?"

"ನಾನೇ ಕಣಪ್ಪ. ಯಾಕೆ?"

"ಬೆಂಗ್ಳೂರಾಗೂ ಇಂಗಿಲ್ಲ ಕಣವ್ವ. ಕನ್ನಡಿ ಇದ್ದಂಗದೆ."

ಮಾದಮ್ಮ ಮನೆಯೊಳಗೆ ಹೋದಳು. ತನ್ನ ಮನೆ ಬಿಡಿಸಲು ಬಂದ ಹುಡುಗನಿಗೆ ಒಳಗಿನಿಂದ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಳು.

ತಿಮ್ಮಪ್ಪನವರೂ ಆ ದಿನ ಒಂದು ಕೆಲಸ ಮಾಡಿದರು. ಸಣ್ಣಯ್ಯನ ರಾಕೆಟ್ಟಿನ ತಂತಿ ಸವೆದದ್ದನ್ನು ನೋಡಿ ತಮ್ಮ ಎರಡನೇ ರಾಕೆಟ್ಟನ್ನು ತಂದು ಚಾಚಿದರು. "ತೊಗೊ. ಸೋತ್ರೆ ರಾಕೆಟ್ಟಿಂದ ಸೋತೆ ಅನ್ನೋ ಹಾಗಿರಬಾರದು." ಸಣ್ಣಯ್ಯ ಎರಡೂ ಕೈಯಲ್ಲಿ ಹಿಡಿದು, ತೂಗಿ ನೋಡಿ, ಹಿಂದಕ್ಕೆ ಕೊಟ್ಟ. "ನಂದೇ ಆಯ್ತದೆ ಸಾ. ಇದ್ಕೆ ನನ್ ಕೈ ಗೊತ್ತದೆ."

ಡಾಕ್ಟರ್ ಪಾಪಯ್ಯನವರು ಎತ್ತರದ ಕುರ್ಚಿ ಹತ್ತಿ ಕುಳಿತು ಸ್ಕೋರ್ ಹೇಳುವವರಾದರು. ಬೆಂಚಿನ ಮೇಲೆ ಸದಸ್ಯರು ತುಂಬಿದ್ದರು. ನಾನು ಬೇಲಿಯ ಬಳಿ ಮಾದಮ್ಮನ ಪಕ್ಕ ನಿಂತೆ.

ಮೊದಲ ಸೆಟ್ ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಯಿತು. ಬೀರಲಿಂಗಯ್ಯ ಹೊಡೆದು ನುಗ್ಗುತ್ತಿದ್ದ, ಸಣ್ಣಯ್ಯ ಹಿಂದಿರುಗಿಸುತ್ತಿದ್ದ, ಬೀರಲಿಂಗಯ್ಯ ಬಡಿಯುತ್ತಿದ್ದ. ಸಣ್ಣಯ್ಯ ಒಂದು ಚೆಂಡನ್ನೂ ತಪ್ಪಿಸಲಿಲ್ಲ. ಎಷ್ಟು ಜೋರಾಗಿ ಬಂದರೂ ಮುಟ್ಟಿ ಕಳಿಸಿದ. ಆದರೆ ಕಳಿಸಿದ್ದೆಲ್ಲ ನೆಟ್ಟಿನ ಬಳಿ ನಿಂತ ಹುಡುಗನ ರಾಕೆಟ್ಟಿಗೇ! ಬೀರಲಿಂಗಯ್ಯನಿಗೆ ಕೈ ಚಾಚುವ ಶ್ರಮವೂ ಇರಲಿಲ್ಲ. ಅವನೇ ಒಂದೆರಡು ಸಲ ಆಶ್ಚರ್ಯದಿಂದ ಸಣ್ಣಯ್ಯನ ಮುಖ ನೋಡಿದ. ಆರು–ಒಂದು.

ಕಾರಣ ಹೆಣ್ಣು ಗಂಡಲ್ಲ, ವಕೀಲರ ಮಗಳಲ್ಲ ಎಂದು ನನಗೆ ಆಗ ಹೊಳೆಯಿತು. ಇಪ್ಪತ್ತು ವರ್ಷದಿಂದ ಆ ಕೈ ಎದುರಿಗಿದ್ದವರನ್ನು ಹುಡುಕುವುದನ್ನೇ ಕಲಿತಿತ್ತು. ಯಾರೂ ಇಲ್ಲದ ಕಡೆಗೆ ಹೊಡೆಯುವುದು ಅದಕ್ಕೆ ಗೊತ್ತೇ ಇರಲಿಲ್ಲ.

ಬೆಂಚು ಸದಸ್ಯರದು. ಮಾರ್ಕರ್‌ಗಳಿಬ್ಬರೂ ಹೋಗಿ ಕಲ್ಲಿನ ರೋಲರ್ ಮೇಲೆ ಅಕ್ಕಪಕ್ಕ ಕುಳಿತರು. ಮಾದಮ್ಮ ನನ್ನ ಪಕ್ಕದಿಂದ ಸರಸರ ನಡೆದು ಅಲ್ಲಿಗೇ ಹೋದಳು. ನಾನೂ ಹಿಂದೆ ಹೋದೆ.

"ಇಕಾ," ಎಂದಳು ಗಂಡನಿಗೆ, ಬೀರಲಿಂಗಯ್ಯನಿಗೂ ಕೇಳುವ ಹಾಗೆ. "ಏನ್ ಅವನ್ಗೆ ಎಲೆ ಆಕಿ ಬಡುಸ್ತಾ ಇದ್ದೀಯಾ? ಅನ್ನ ಆಯ್ತು, ಸಾರಾಯ್ತು, ಇನ್ನು ತುಪ್ಪ ಒಂದು ಬಾಕಿ!"

"ಬಾಯ್ ಮುಚ್ಚೆ. ಜನ ಅವ್ರೆ."

"ಇರ್ಲಿ ಬುಡು. ಅವನೇನ್ ಮೆಂಬರಾ? ಕಲೆಕ್ಟ್ರಾ? ಅವನೂ ನಿನ್ನಂಗೆ ಮಾರ್ಕರ್ರು. ಅವನ್ಗೆ ಸೋತ್ರೆ ನಿನ್ಗೆ ಯಾರ್ ಭೇಷ್ ಅಂತಾರೆ?"

ಬೀರಲಿಂಗಯ್ಯ ತಲೆ ತಗ್ಗಿಸಿ ನಗು ತಡೆದುಕೊಂಡ. ಆಮೇಲೆ ಮೆಲ್ಲಗೆ ಹೇಳಿದ: "ಅವ್ವ ಏಳಾದು ಸರಿ ಕಣಣ್ಣ. ನನ್ನ ಮೆಂಬರ್ ಮಾಡ್ಬ್ಯಾಡ."

ಗೆಲ್ಲುತ್ತಿದ್ದವನು ಆಡಬೇಕಾದ ಮಾತಲ್ಲ ಅದು. ಆ ಹುಡುಗನ ಮೇಲಿನ ನನ್ನ ಸಿಟ್ಟೆಲ್ಲ ಅಲ್ಲಿಗೆ ಇಳಿಯಿತು. ಸಣ್ಣಯ್ಯ ಒಮ್ಮೆ ಹೆಂಡತಿಯನ್ನು, ಒಮ್ಮೆ ಅವನನ್ನು ನೋಡಿ, ಅಂಗೈಯ ಬೆವರನ್ನು ಚಡ್ಡಿಗೆ ಒರೆಸಿಕೊಂಡು ಎದ್ದ.

ಎರಡನೇ ಸೆಟ್ಟಿನ ಎರಡನೇ ಆಟದಲ್ಲಿ ಬೀರಲಿಂಗಯ್ಯ ಎಂದಿನಂತೆ ನುಗ್ಗಿ ಬಂದ. ಸಣ್ಣಯ್ಯ ಚೆಂಡನ್ನು ಹುಡುಗನ ಎಡಗಡೆ, ಗೆರೆಯ ಮೇಲೆ, ಯಾರೂ ಇಲ್ಲದ ಕಡೆಗೆ ಹೊಡೆದ. ಸುಣ್ಣದ ಧೂಳು ಎದ್ದಿತು. ಬೀರಲಿಂಗಯ್ಯ ತಿರುಗಿ ನೋಡಿ "ಭಲೇ" ಎಂದ. ಹೊಡೆದ ಸಣ್ಣಯ್ಯನೇ ಆ ಖಾಲಿ ಜಾಗವನ್ನು ಬೇರೆಯವರು ಮಾಡಿದ್ದೇನೋ ಎಂಬಂತೆ ನೋಡುತ್ತಾ ನಿಂತಿದ್ದ.

ಆಮೇಲೆ ನಡೆದದ್ದನ್ನು ಏನೆಂದು ಬಣ್ಣಿಸಲಿ! ಅವನ ಕೈಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹೊರಗೆ ಬಂದರು. ಹುಡುಗ ನೆಟ್ಟಿಗೆ ಓಡಿ ಬರುವಾಗ ಅಮಲ್ದಾರರ ಸೌತೆಕಾಯಿ ಹೆಚ್ಚುವ ಹೊಡೆತ ಅವನ ಕಾಲ ಬಳಿ ಬಿತ್ತು. ಸಗಣಿ ನೆಲ ಅದನ್ನು ಏಳಗೊಡಲಿಲ್ಲ. ಬಗ್ಗಿ ಎತ್ತಿಕೊಟ್ಟರೆ ದೊರೆಗಳ ನೇರ ಬೀಸು ಅವನ ಪಕ್ಕದಿಂದ ಹಾದುಹೋಯಿತು. ಅದಕ್ಕೆ ಹೆದರಿ ನೆಟ್ಟಿಗೆ ಇನ್ನೂ ಅಂಟಿಕೊಂಡು ನಿಂತರೆ, ಚೆಂಡು ತಲೆಯ ಮೇಲೆ ಆಕಾಶಕ್ಕೆ ಏರಿ ನಿಧಾನವಾಗಿ ಹಿಂದಿನ ಗೆರೆಯ ಒಳಗೆ ಇಳಿಯಿತು.

"ಅದು ನನ್ನದು! ಅದು ನನ್ನ ಹೊಡೆತ!" ಎಂದು ಡಾಕ್ಟರು ಕುರ್ಚಿಯ ಮೇಲೆ ಎದ್ದು ನಿಂತರು. ಸ್ಕೋರ್ ಹೇಳುವುದನ್ನು ಮರೆತೇಬಿಟ್ಟರು. ತಂದೆ ಕೆಳಗಿನಿಂದ ಜ್ಞಾಪಿಸಬೇಕಾಯಿತು. ಹಳೆಯದು ಎಂದು ನಾವು ನಗುತ್ತಿದ್ದ ಒಂದೊಂದು ಹೊಡೆತವೂ ಹೊಸ ಆಟಕ್ಕೆ ಒಂದೊಂದು ಉತ್ತರವಾಗಿತ್ತು. ಸೆಟ್ ಸಣ್ಣಯ್ಯನದು, ಆರು–ನಾಲ್ಕು.

ಮೂರನೆಯದರಲ್ಲಿ ಬೀರಲಿಂಗಯ್ಯನೂ ಕಲಿತುಕೊಂಡ. ಕುರುಡಾಗಿ ನುಗ್ಗುವುದನ್ನು ಬಿಟ್ಟ. ನಾಲ್ಕು–ನಾಲ್ಕರ ಹೊತ್ತಿಗೆ ಇಬ್ಬರ ಅಂಗಿಯೂ ಮೈಗೆ ಅಂಟಿತ್ತು. ಸಣ್ಣಯ್ಯ ಸರ್ವಿಸ್ ಹಾಕಿದ. ಕಾಲು ಸೋತಿದ್ದ ಹುಡುಗ ಹಿಂದೆಯೇ ನಿಂತು ಹಿಂದಿರುಗಿಸಿದ. ಸಣ್ಣಯ್ಯನೂ ಹಿಂದಿನಿಂದಲೇ ಹೊಡೆದ. ಅವನು ಇವನಿಗೆ, ಇವನು ಅವನಿಗೆ. ಹತ್ತಾಯಿತು, ಇಪ್ಪತ್ತಾಯಿತು. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಎಣಿಸತೊಡಗಿದರು. ದಣಿದಾಗ ಕೈ ತನ್ನ ಮೊದಲ ಅಭ್ಯಾಸಕ್ಕೆ ಮರಳುತ್ತದೆ. ಬೀರಲಿಂಗಯ್ಯನೂ ಮಾರ್ಕರನೇ ಅಲ್ಲವೇ! ಬೆಂಗಳೂರಿನ ಸದಸ್ಯರಿಗೆ ಅವನೂ ದಿನಾ ಮಾಡುತ್ತಿದ್ದುದು ಇದನ್ನೇ. ಇಬ್ಬರೂ ಒಬ್ಬರ ರಾಕೆಟ್ಟಿಗೆ ಇನ್ನೊಬ್ಬರು ಕೊಡುತ್ತಾ, ಒಂದೇ ಎತ್ತರದಲ್ಲಿ, ಒಂದೇ ಸದ್ದಿನಲ್ಲಿ ಆಡುತ್ತಲೇ ಹೋದರು. ಅಷ್ಟು ಸೊಗಸಾದ ಆಟವನ್ನು ನಾನು ಆಮೇಲೆ ಕಂಡಿಲ್ಲ. ಅಷ್ಟರಲ್ಲಿ ನನಗೆ ಭಯವೂ ಆಯಿತು. ಹೀಗೇ ಹೋದರೆ ಇಪ್ಪತ್ತೆರಡು ವರ್ಷದ ಉಸಿರು ನಲವತ್ತೆರಡರ ಉಸಿರಿಗಿಂತ ಉದ್ದ.

ಎಣಿಕೆ ಐವತ್ತೆಂಟಕ್ಕೆ ಬಂದಾಗ ಸಣ್ಣಯ್ಯ ಚೆಂಡನ್ನು ದೂರದ ಮೂಲೆಗೆ ತಿರುಗಿಸಿದ. ಹುಡುಗ ಕದಲಲಿಲ್ಲ.

"ತಪ್ಪು ತಿಳೀಬ್ಯಾಡ ಕಣಪ್ಪ," ಎಂದ ಸಣ್ಣಯ್ಯ ನೆಟ್ಟಿನಾಚೆಗೆ.

"ಇಲ್ಲ ಕಣಣ್ಣ. ಇನ್ನೊಂದೆರಡಾಗಿದ್ರೆ ನಾನೇ ಬಿದ್ದೋಯ್ತಿದ್ದೆ."

ಆ ಆಟ ಸಣ್ಣಯ್ಯನದಾಯಿತು. ಮುಂದಿನದರಲ್ಲಿ ಬೀರಲಿಂಗಯ್ಯ ಉಳಿದ ಶಕ್ತಿಯನ್ನೆಲ್ಲ ಕೂಡಿಸಿ ಮತ್ತೆ ನುಗ್ಗಿದ. ಎರಡು ಸಲ ಸಮ ಸಮವಾಯಿತು. ಕೊನೆಯ ಪಾಯಿಂಟಿನಲ್ಲಿ ಸಣ್ಣಯ್ಯನ ಚೆಂಡು ಹುಡುಗನ ಪಾದದ ಬಳಿ ಸತ್ತ ಹಾಗೆ ಬಿತ್ತು. ಅವನು ಹೇಗೋ ಎತ್ತಿ ಕಳಿಸಿದ. ಅದು ಮೇಲಕ್ಕೆ ಬರುವಷ್ಟರಲ್ಲಿ ಸಣ್ಣಯ್ಯ ನೆಟ್ಟಿನಲ್ಲಿದ್ದ! ಆ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಹಿಂದಿನ ಗೆರೆ ಬಿಡದಿದ್ದವನು ಯಾವಾಗ ಓಡಿ ಬಂದನೋ ನಾನು ಕಾಣಲಿಲ್ಲ. ಚೆಂಡನ್ನು ನೆಲಕ್ಕೆ ಬೀಳಗೊಡದೆ ಮುಟ್ಟಿದ, ಅಷ್ಟೆ. ಆರು–ನಾಲ್ಕು.

ಮೊದಲು ಚಪ್ಪಾಳೆ ತಟ್ಟಿದವರು ತಿಮ್ಮಪ್ಪನವರು. ಸೋತದ್ದು ಅವರ ಮಾತು. ಆದರೂ ಅಂಗೈ ಕೆಂಪಾಗುವವರೆಗೆ ತಟ್ಟಿದರು. ಡಾಕ್ಟರು ಕುರ್ಚಿಯಿಂದ ಇಳಿದು ಬಂದು ಬೆಂಚಿನ ಮೇಲೆ ಕುಳಿತು, ಪಕ್ಕದವರನ್ನು ಒತ್ತರಿಸಿ ಜಾಗ ಮಾಡಿ, "ಬನ್ರಯ್ಯ, ಇಬ್ಬರೂ ಇಲ್ಲೇ ಕೂತ್ಕೊಳ್ಳಿ. ನಾಡಿ ನೋಡಬೇಕು," ಎಂದರು. ನಾಡಿ ನೋಡುವ ನೆಪದಲ್ಲಿ ಅರ್ಧ ಗಂಟೆ ಇಬ್ಬರ ಕೈಯನ್ನೂ ಬಿಡಲಿಲ್ಲ.

ಬೀರಲಿಂಗಯ್ಯ ಮಧ್ಯಾಹ್ನ ಮಾದಮ್ಮನ ಮನೆಯಲ್ಲಿ ಮುದ್ದೆ ಉಂಡ. ನಾಲ್ಕರ ಬಸ್ಸಿನವರೆಗೆ ಸಣ್ಣಯ್ಯನಿಂದ ಅಮಲ್ದಾರರ ಕತ್ತರಿಸುವ ಹೊಡೆತವನ್ನು ಹೇಳಿಸಿಕೊಂಡ. ಬದಲಿಗೆ ಸಣ್ಣಯ್ಯ ಅವನಿಂದ ಆ ಹೊಸ ಸರ್ವಿಸನ್ನು ಕಲಿತ. ತಿಮ್ಮಪ್ಪನವರು ಬೇರೊಂದು ಜಿಲ್ಲೆಯ ಕ್ಲಬ್ಬಿಗೆ ಅವನಿಗಾಗಿ ಪತ್ರ ಬರೆದು, ತಾವೇ ಬಸ್ ಸ್ಟ್ಯಾಂಡಿಗೆ ಹೋಗಿ ಕೈಗೆ ಕೊಟ್ಟು ಬಂದರು.

ಮಾರನೆಯ ಬೆಳಿಗ್ಗೆ ಆರಕ್ಕೆ ನಾನು ಹೋದಾಗ ಕೋರ್ಟಿನಲ್ಲಿ ತಿಮ್ಮಪ್ಪನವರು ಇದ್ದರು. "ಕಾಮಾಕ್ಷಿ, ಇವತ್ತೊಂದು ದಿನ ನಿನ್ನ ಗಂಟೆ ನನಗೆ ಕೊಡಮ್ಮ," ಎಂದು ಕೇಳಿಕೊಂಡರು. ನಾನು ಬೇಲಿಯ ಬಳಿ ಕುಳಿತೆ.

ಎರಡು ಆಟ ಆಗುವಷ್ಟರಲ್ಲಿ ಅವರು ರಾಕೆಟ್ ಕೆಳಗಿಳಿಸಿ ನೆಟ್ಟಿಗೆ ಬಂದರು.

"ಸಣ್ಣಯ್ಯ, ನನ್ನ ಮೆಂಬರ್ ಅಂತ ತಿಳ್ಕೋಬೇಡ."

"ಮತ್ತೆ ಯಾರಂತ ತಿಳ್ಕಳ್ಳಿ ಸಾ?"

"ಬೀರಲಿಂಗಯ್ಯ ಅಂತ ತಿಳ್ಕೋ."

ಸಣ್ಣಯ್ಯ ನಕ್ಕ. ಆಮೇಲೆ ನಗಲಿಲ್ಲ. ತಿಮ್ಮಪ್ಪನವರು ಬಲಕ್ಕೆ ಓಡಿದರೆ ಚೆಂಡು ಎಡಕ್ಕೆ, ಮುಂದೆ ಬಂದರೆ ತಲೆಯ ಮೇಲೆ, ಹಿಂದೆ ಸರಿದರೆ ನೆಟ್ಟಿನ ಹತ್ತಿರಕ್ಕೆ. ಅವರು ಬೆವರಿ, ಜಾರಿ, ಒಮ್ಮೆ ಕೂತೇಬಿಟ್ಟರು. ಸೆಟ್ ಮುಗಿದಾಗ ಏದುಸಿರಿನಲ್ಲೇ ಕೇಳಿದರು:

"ಸ್ಕೋರೆಷ್ಟು?"

ಸಣ್ಣಯ್ಯ ನೆಲ ನೋಡುತ್ತಾ ಏನೋ ಗೊಣಗಿದ.

"ಕೇಳಿಸಲಿಲ್ಲ. ಗಟ್ಟಿಯಾಗಿ ಹೇಳಪ್ಪ."

ಸಣ್ಣಯ್ಯ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ಹೆಂಚಿನ ಮನೆಯ ಬಾಗಿಲಲ್ಲಿ ಮಾದಮ್ಮ ಪೊರಕೆ ಹಿಡಿದು ನಿಂತಿದ್ದಳು. ಅವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅವನು ಹೇಳಿದ:

"ಆರು–ಒಂದು, ಸಾ. ನಂದು."

"ಸರಿ," ಎಂದರು ತಿಮ್ಮಪ್ಪನವರು, ಮೊಣಕೈಯ ಸಗಣಿ ಒರೆಸಿಕೊಳ್ಳುತ್ತಾ. "ಇನ್ನೊಂದು ಸೆಟ್. ಸರ್ವಿಸ್ ನಿಂದೇ, ಹಾಕು."